ಹಳೆಯ ಕ್ಯಾವಿಟಿ ಕೊಳ್ಳುವ ಮುನ್ನ

ಕೇಳುಗರಿಗೆ ನಮಸ್ಕಾರ.

ಹ್ಯಾಮ್ ರೇಡಿಯೋ ಹುಚ್ಚು ಹತ್ತಿದವರಿಗೆ ಒಂದಲ್ಲ ಒಂದು ದಿನ ಸ್ವಂತ ರಿಪೀಟರ್, ಅಂದರೆ ಕೇಳಿಸಿದ್ದನ್ನು ಆ ಕ್ಷಣವೇ ಇನ್ನೊಂದು ಫ್ರೀಕ್ವೆನ್ಸಿಯಲ್ಲಿ ಮತ್ತೆ ಕಳಿಸುವ ಸ್ಟೇಷನ್, ಹಾಕುವ ಆಸೆ ಬರುತ್ತದೆ. ರೇಡಿಯೋ ಹೇಗೋ ಹೊಂದಿಸಬಹುದು, ಆಂಟೆನಾನೂ ಸಿಗುತ್ತದೆ. ಕೈ ಕಚ್ಚುವುದು ಡ್ಯುಪ್ಲೆಕ್ಸರ್. ಹೊಸದು ದುಬಾರಿ, ಹಾಗಾಗಿ ನಾವೆಲ್ಲ ಹಳೆಯದಕ್ಕೇ ಕೈ ಹಾಕುತ್ತೇವೆ.

ರಿಪೀಟರ್ ಕೇಳುತ್ತಲೇ ಕೂಗುತ್ತಿರುತ್ತದೆ. ಕಿವಿಗೂ ಬಾಯಿಗೂ ಒಂದೇ ಆಂಟೆನಾ. 50 ವ್ಯಾಟ್ ಟ್ರಾನ್ಸ್‌ಮಿಟರ್‌ಗೂ ರಿಸೀವರ್ ಹಿಡಿಯಬೇಕಾದ ಕಾಲು ಮೈಕ್ರೋವೋಲ್ಟ್ ಸಿಗ್ನಲ್‌ಗೂ ನಡುವೆ ಸುಮಾರು 166 ಡೆಸಿಬೆಲ್ ಅಂತರ. ತನ್ನ ಕೂಗು ತನ್ನ ಕಿವಿಯನ್ನೇ ಕಿವುಡು ಮಾಡದಂತೆ ತಡೆಯುವ ಗೋಡೆಯೇ ಡ್ಯುಪ್ಲೆಕ್ಸರ್.

ಕೊಳ್ಳುವ ಮೊದಲು ನಿಮಗೆ ನೀವೇ ಕೇಳಿಕೊಳ್ಳಬೇಕಾದ್ದು ಒಂದೇ: ಕೇಳುವ ಮತ್ತು ಕೂಗುವ ನನ್ನ ಎರಡು ಫ್ರೀಕ್ವೆನ್ಸಿಗಳ ನಡುವೆ ಎಷ್ಟು ಅಂತರ? 2 ಮೀಟರ್ ಬ್ಯಾಂಡ್‌ನಲ್ಲಿ (ವಿಎಚ್‌ಎಫ್‌ನ 146 ಮೆಗಾಹರ್ಟ್ಸ್ ಆಸುಪಾಸು) ಅದು ಸಾಮಾನ್ಯವಾಗಿ ಬರೀ 600 ಕಿಲೋಹರ್ಟ್ಸ್. ಎಡವುವವರು ಎಡವುವುದು ಇಲ್ಲೇ. ಮಾರುಕಟ್ಟೆಯಲ್ಲಿ ಚಪ್ಪಟೆ ಪೆಟ್ಟಿಗೆಯೊಂದು ಧಾರಾಳವಾಗಿ ಸಿಗುತ್ತದೆ. ಮೇಲೆ ಸಾಲಾಗಿ ಆರು ತಿರುಪು, ಮೂರು ಕನೆಕ್ಟರ್. 'ವಿಎಚ್‌ಎಫ್ ಡ್ಯುಪ್ಲೆಕ್ಸರ್' ಅಂತ ಮಾರುತ್ತಾರೆ. ಸುಳ್ಳೇನಲ್ಲ. ಆದರೆ ಅದು ಸುಮಾರು 5 ಮೆಗಾಹರ್ಟ್ಸ್ ಅಂತರ ಇರುವವರಿಗಾಗಿ ಮಾಡಿದ್ದು. 600 ಕಿಲೋಹರ್ಟ್ಸ್‌ಗೆ ಎಷ್ಟು ತಿರುಪಿದರೂ ಅದು ಬಗ್ಗುವುದಿಲ್ಲ. ಅದೇ ಬಗೆಯ ಯುಎಚ್‌ಎಫ್ ಪೆಟ್ಟಿಗೆ (450 ಮೆಗಾಹರ್ಟ್ಸ್ ಆಸುಪಾಸಿನದು), 5 ಮೆಗಾಹರ್ಟ್ಸ್ ಅಂತರ ಇಟ್ಟುಕೊಳ್ಳುವ ಕಡೆ, ಚೆನ್ನಾಗಿಯೇ ಕೆಲಸ ಮಾಡುತ್ತದೆ. 2 ಮೀಟರ್‌ಗೆ ಬೇಕಾದ್ದು ಉದ್ದನೆಯ ಲೋಹದ ಫಿಲ್ಟರ್ ಡಬ್ಬಗಳು, ಅಂದರೆ ಕ್ಯಾವಿಟಿಗಳು. ಸಾಮಾನ್ಯವಾಗಿ ನಾಲ್ಕು, ಇಲ್ಲವೇ ಆರು.

ಗುರುತು ಹಿಡಿಯಲು ಮೊದಲು ಅಳತೆ ಟೇಪು ತನ್ನಿ. ಕ್ಯಾವಿಟಿಯ ಒಳಗಿನ ಸರಳು ತರಂಗದ ಕಾಲು ಭಾಗದಷ್ಟು ಉದ್ದ ಇರುತ್ತದೆ. 146 ಮೆಗಾಹರ್ಟ್ಸ್‌ಗೆ ಅದು ಸುಮಾರು 51 ಸೆಂಟಿಮೀಟರ್, 450ಕ್ಕೆ ಸುಮಾರು 17. ಡಬ್ಬ ಅದಕ್ಕಿಂತ ತುಸು ಉದ್ದ. ಆದರೆ ಇಲ್ಲೊಂದು ಮೋಸ ಇದೆ. ಯುಎಚ್‌ಎಫ್‌ನಲ್ಲಿ ಮುಕ್ಕಾಲು ತರಂಗದ ಕ್ಯಾವಿಟಿಗಳೂ ಇವೆ, ಅವುಗಳ ಸರಳೂ ಅರ್ಧ ಮೀಟರೇ! ಅದಕ್ಕೇ ಉದ್ದ ನೋಡಿ ಹಿಗ್ಗಬೇಡಿ, ಲೇಬಲ್‌ನ ಫೋಟೋ ಕೇಳಿ. ಕಂಪನಿ ಹೆಸರಿಗಿಂತ ಅಲ್ಲಿರುವ ಫ್ರೀಕ್ವೆನ್ಸಿ ಮುಖ್ಯ. ಕಂಪನಿಗಳು ಕೈ ಬದಲಾಗಿವೆ. ಫೆಲ್ಪ್ಸ್ ಡಾಜ್ ಕಂಪನಿಯ ರೇಡಿಯೋ ವಿಭಾಗ ಮುಂದೆ ಸೆಲ್‌ವೇವ್ ಆಯಿತು, ಅದು ಆಮೇಲೆ ಆರ್‌ಎಫ್‌ಎಸ್ ಕೈಗೆ ಹೋಯಿತು.

ಆಮೇಲೆ ಕನೆಕ್ಟರ್ ಎಣಿಸಿ. ಡಬ್ಬದ ತಲೆಯ ಮೇಲೆ ಒಂದೇ ಕನೆಕ್ಟರ್, ಅದಕ್ಕೊಂದು 'ಟಿ' ಸಿಕ್ಕಿಸಿದ್ದರೆ ಅದು ಬಹುಮಟ್ಟಿಗೆ ನಾಚ್. ಬೇಡದ ಒಂದು ಫ್ರೀಕ್ವೆನ್ಸಿಯನ್ನು ಮಾತ್ರ ನುಂಗುತ್ತದೆ, ಪಕ್ಕದ ಟವರ್‌ನವರ ಗಲಾಟೆಗೆ ಅದು ಅಡ್ಡ ಬರುವುದಿಲ್ಲ. ಎರಡು ಕನೆಕ್ಟರ್ ಇದ್ದರೆ ಬ್ಯಾಂಡ್‌ಪಾಸ್ (ಬೇಕಾದ ಫ್ರೀಕ್ವೆನ್ಸಿಯನ್ನು ಮಾತ್ರ ಬಿಡುವಂಥದ್ದು) ಇರಬಹುದು, ಪಾಸ್ ಮತ್ತು ನಾಚ್ ಎರಡನ್ನೂ ಮಾಡುವ ಜಾತಿಯೂ ಇರಬಹುದು. ನನ್ನನ್ನು ಕೇಳಿದರೆ ಈ ಕೊನೆಯ ಜಾತಿಗೇ ಕಾಯಿರಿ. ನಡುವಿನ ಸರಳಿನ ಜೊತೆಗೆ ಪಕ್ಕದಲ್ಲಿ ಇನ್ನೊಂದು ಪುಟ್ಟ ತಿರುಪು ಕಂಡರೆ ಅದು ಆ ಜಾತಿ ಇರಬಹುದು.

ಈಗ ಕೇಬಲ್ ವಿಷಯ. ನಾನು ಪೆಟ್ಟು ತಿಂದದ್ದು ಇಲ್ಲೇ. ನಾಲ್ಕು ಕ್ಯಾವಿಟಿಯ ಒಳ್ಳೆ ಸೆಟ್ ಸಿಕ್ಕಿತು. ಪಾರ್ಸೆಲ್ ಬಿಚ್ಚಿದೆ. ಡಬ್ಬಗಳು ಫಳಫಳ ಹೊಳೆಯುತ್ತಿದ್ದವು. ಆದರೆ ಅವುಗಳನ್ನು ಜೋಡಿಸುವ ಕೇಬಲ್‌ಗಳು ಮೋಟು ಬಾಲದಂತೆ ನೇತಾಡುತ್ತಿದ್ದವು. ಪೆಟ್ಟಿಗೆಗೆ ಹಿಡಿಸಲಿಲ್ಲ ಅಂತ ಮಾರಿದವರು ಕತ್ತರಿಸಿಬಿಟ್ಟಿದ್ದರು. "ಕೇಬಲ್ ತಾನೇ ಸಾರ್, ಎಲ್ಲಾದರೂ ಸಿಗುತ್ತದೆ" ಅಂದರು. ಸಿಗುತ್ತದೆ, ನಿಜ. ಆದರೆ ಆ ತುಂಡುಗಳ ಉದ್ದವೇ ಫಿಲ್ಟರ್‌ನ ಅರ್ಧ ಕೆಲಸ. ಮಾಮೂಲಿ ಗಟ್ಟಿ ಪ್ಲಾಸ್ಟಿಕ್ ಒಳಮೈಯ ಕೇಬಲ್‌ನಲ್ಲಿ 146 ಮೆಗಾಹರ್ಟ್ಸ್‌ನ ಕಾಲು ತರಂಗ ಸುಮಾರು 34 ಸೆಂಟಿಮೀಟರ್, ಕನೆಕ್ಟರ್ ಉದ್ದವೂ ಇದರಲ್ಲೇ ಸೇರಬೇಕು. ಮೇಲಾಗಿ ಎರಡು ಪದರದ ಜಾಲರಿ ಇರುವ ಆರ್‌ಜಿ-214ರಂಥ ಕೇಬಲ್ಲೇ ಆಗಬೇಕು. ಸೋರುವ ಕೇಬಲ್ ಹಾಕಿದರೆ ಗೋಡೆ ಕಟ್ಟಿ ಬಾಗಿಲು ತೆರೆದಿಟ್ಟಂತೆ. ಅವನ್ನು ಮತ್ತೆ ಮಾಡಿಕೊಳ್ಳಲು ನನಗೆ ಎರಡು ಭಾನುವಾರ ಹಿಡಿಯಿತು.

ಮಾಲು ಎದುರಿಗೇ ಇದ್ದರೆ ಎತ್ತಿ ಮೆಲ್ಲಗೆ ಅಲ್ಲಾಡಿಸಿ. ಒಳಗೆ ಗಲಗಲ ಅಂದರೆ ಸರಳನ್ನು ಹಿಡಿಯುವ ಬೆರಳಿನಂಥ ಸ್ಪ್ರಿಂಗ್ ಮುರಿದಿರಬಹುದು, ಕನೆಕ್ಟರ್‌ನಿಂದ ಸಿಗ್ನಲ್ ಒಳಗೆ ದಾಟಿಸುವ ತಂತಿಯ ಕುಣಿಕೆ, ಅಂದರೆ ಲೂಪ್, ಕಳಚಿರಬಹುದು. ಒಳಗಿನ ಬೆಳ್ಳಿ ಲೇಪ ಕಪ್ಪಾಗಿದ್ದರೆ ಅಷ್ಟು ಹೆದರಬೇಡಿ. ಲೇಪ ಎದ್ದು ಹಸಿರು ಕಿಲುಬು ಹಿಡಿದಿದ್ದರೆ ಬಿಟ್ಟುಬಿಡಿ. ಮಲ್ಟಿಮೀಟರ್ ಇಟ್ಟಾಗ ಬ್ಯಾಂಡ್‌ಪಾಸ್ ಕ್ಯಾವಿಟಿಯ ನಡು ಪಿನ್ನಿಗೂ ಮೈಗೂ ಬೀಪ್ ಬರುತ್ತದೆ. ಶಾರ್ಟ್ ಆಗಿದೆ ಅಂತ ಎಷ್ಟೋ ಜನ ವಾಪಸ್ ಕೊಟ್ಟಿದ್ದಾರೆ! ಲೂಪಿನ ಇನ್ನೊಂದು ತುದಿಯನ್ನು ಮೈಗೇ ಬೆಸೆದಿರುತ್ತಾರೆ, ಬೀಪ್ ಬರಲೇಬೇಕು.

ಇಂಥ ಗುಂಪಿನಲ್ಲಿ ಒಮ್ಮೊಮ್ಮೆ ಮೈಮೇಲೆ ಬಾಣದ ಗುರುತಿರುವ, ಅಯಸ್ಕಾಂತದ ಭಾರದ ಪುಟ್ಟ ಪೆಟ್ಟಿಗೆ ಪುಕ್ಕಟೆ ಬರುತ್ತದೆ. ಅದು ಐಸೊಲೇಟರ್, ಆಂಟೆನಾ ಕಡೆಯಿಂದ ಟ್ರಾನ್ಸ್‌ಮಿಟರ್‌ಗೆ ಹಿಂದಕ್ಕೆ ಬರುವ ಸಿಗ್ನಲ್ ತಡೆಯುವಂಥದ್ದು. ಎಸೆಯಬೇಡಿ.

ಮನೆಗೆ ತಂದ ಮೇಲೆ ನ್ಯಾನೋ ವಿಎನ್ಎ ಇದ್ದರೆ ಹಚ್ಚಿ ನೋಡಿ. ಫಿಲ್ಟರ್ ಯಾವ ಫ್ರೀಕ್ವೆನ್ಸಿಯನ್ನು ಎಷ್ಟು ಬಿಡುತ್ತದೆ ಅಂತ ತೋರಿಸುವ ಅಗ್ಗದ ಉಪಕರಣ, ಒಳ್ಳೆಯದೇ. ಆದರೆ ಅದರ ಕಣ್ಣು 70 ಡೆಸಿಬೆಲ್ ಆಸುಪಾಸಿನ ಆಳದವರೆಗೆ ಮಾತ್ರ. ಅದಕ್ಕಿಂತ ಆಳದ ನಾಚ್ ಅದಕ್ಕೆ ಕಾಣುವುದೇ ಇಲ್ಲ, ಹಾಗಂತ ಫಿಲ್ಟರ್ ಕೆಟ್ಟಿದೆ ಅನ್ನಬೇಡಿ. ಪಾಸ್ ಕಡೆಯ ನಷ್ಟವನ್ನು ಮಾತ್ರ ಅದು ಸರಿಯಾಗಿ ಹೇಳುತ್ತದೆ. ಒಂದೂವರೆ ಡೆಸಿಬೆಲ್ ನಷ್ಟ ಅಂದರೆ 50 ವ್ಯಾಟ್ ಹಾಕಿದರೆ ಆಂಟೆನಾಗೆ ಸುಮಾರು 35 ವ್ಯಾಟ್. ಅಷ್ಟು ಹೋಗುವುದು ಮಾಮೂಲು. ಮೂರು ದಾಟಿದರೆ ಎಲ್ಲೋ ಹುಳುಕಿದೆ.

ಇನ್ನೊಂದು ಮಾತು. ಸಿಕ್ಕ ಕೂಡಲೇ ಕೈ ಚುರುಕುಗೊಂಡು ಲಾಕ್ ನಟ್ ಸಡಿಲಿಸಬೇಡಿ. ಮೊದಲು ಇದ್ದದ್ದು ಇದ್ದಂತೆ ಅಳೆಯಿರಿ. ಹಳೆ ಯಜಮಾನ ಯಾವ ಫ್ರೀಕ್ವೆನ್ಸಿಗೆ ಕೂರಿಸಿದ್ದ, ಕೇಬಲ್ ಯಾವುದಕ್ಕೆ ಕತ್ತರಿಸಿದ್ದ ಅನ್ನುವುದು ಅಲ್ಲೇ ಕಾಣುತ್ತದೆ. ಪ್ರತಿ ಸರಳು ಎಷ್ಟು ಹೊರಗೆ ಚಾಚಿದೆ ಅಂತ ಮಿಲಿಮೀಟರ್ ಲೆಕ್ಕದಲ್ಲಿ ಬರೆದು ಡಬ್ಬಕ್ಕೇ ಅಂಟಿಸಿ. ಆಮೇಲೆ ತಿರುಪಿ.

ನಮಸ್ಕಾರ.