ಒಂದೇ ಎಂಜಿನ್, ಎರಡು ಕಾರು: ಸ್ಕೈಲೈನ್ ಜಿಟಿ-ಆರ್ ಮತ್ತು ಫೇರ್‌ಲೇಡಿ ಝಡ್432

ಎಲ್ಲರಿಗೂ ನಮಸ್ಕಾರ. ಪರದೆಯ ಮೇಲೆ ಈಗ ಅಕ್ಕಪಕ್ಕದಲ್ಲಿ ಕಾಣುತ್ತಿರುವ ಎರಡೂ ಕಾರುಗಳು ನಿಸ್ಸಾನ್‌ನವು, ಎರಡೂ ಬಿಡುಗಡೆಯಾದದ್ದು 1969ರಲ್ಲಿ. ಎಡಗಡೆಯದು ನಾಲ್ಕು ಬಾಗಿಲಿನ ಸೆಡಾನ್, ಸ್ಕೈಲೈನ್ 2000 ಜಿಟಿ-ಆರ್. ಬಲಗಡೆಯದು ಇಬ್ಬರಿಗಷ್ಟೇ ಜಾಗವಿರುವ, ಉದ್ದ ಮೂತಿಯ ಫೇರ್‌ಲೇಡಿ ಝಡ್432. ನೋಟದಲ್ಲಿ ಒಂದಕ್ಕೊಂದು ಸಂಬಂಧವೇ ಇಲ್ಲವೆನಿಸಿದರೂ ಬಾನೆಟ್ ಎತ್ತಿದರೆ ಎರಡರಲ್ಲೂ ಇರುವುದು ಎಸ್20 ಎಂಬ ಒಂದೇ ಎಂಜಿನ್.

ಈ ಎಂಜಿನ್‌ನ ಬೇರು ಇರುವುದು ಪ್ರಿನ್ಸ್ ಎಂಬ ಜಪಾನಿ ಕಾರು ಕಂಪನಿಯಲ್ಲಿ. 1966ರಲ್ಲಿ ನಿಸ್ಸಾನ್‌ನೊಳಗೆ ವಿಲೀನವಾದ ಪ್ರಿನ್ಸ್, ತನ್ನ ಆರ್380 ರೇಸ್ ಕಾರಿಗಾಗಿ ರೂಪಿಸಿದ್ದ ಎಂಜಿನ್ನನ್ನೇ ಆಧಾರವಾಗಿಟ್ಟುಕೊಂಡು, ರಸ್ತೆಯಲ್ಲಿ ಓಡಿಸಬಹುದಾದ ಎಸ್20 ಹುಟ್ಟಿತು. 1989 ಸಿಸಿ, ಸಾಲಾಗಿ ಆರು ಸಿಲಿಂಡರ್, ಸಿಲಿಂಡರಿಗೆ ನಾಲ್ಕು ವಾಲ್ವ್, ಗಾಳಿಗೆ ಪೆಟ್ರೋಲ್ ಬೆರೆಸುವ ಮೂರು ಕಾರ್ಬುರೇಟರ್, ವಾಲ್ವ್‌ಗಳನ್ನು ತೆರೆದು ಮುಚ್ಚಿಸುವ ಎರಡು ಕ್ಯಾಮ್‌ಶಾಫ್ಟ್. ಝಡ್‌ನ ಹೆಸರಿನಲ್ಲಿರುವ 432 ಕೂಡ ಇದೇ ಲೆಕ್ಕ. 7000 ಆರ್‌ಪಿಎಂನಲ್ಲಿ 160 ಅಶ್ವಶಕ್ತಿ ಕೊಡುವ ಎಂಜಿನ್ನನ್ನು 2000 ಸಿಸಿಯ ಗಡಿಯೊಳಗೇ ಇಟ್ಟದ್ದಕ್ಕೆ ಕಾರಣವಿದೆ: ಆ ಗಡಿ ದಾಟಿದ ಕಾರಿಗೆ ಅಂದಿನ ಜಪಾನಿನಲ್ಲಿ ತೆರಿಗೆಯ ಹೊರೆ ವಿಪರೀತವಾಗಿತ್ತು.

ಕಾಗದದ ಮೇಲೆ ಝಡ್432 ಮುಂದಿದೆ. ಜಿಟಿ-ಆರ್ ಸೆಡಾನ್ 1120 ಕೆಜಿ ತೂಗಿದರೆ ಇದು ಸುಮಾರು 1040 ಕೆಜಿ. ಹಿಂಭಾಗದ ನಡುವಿನಲ್ಲಿ ಒಂದರ ಮೇಲೊಂದು ನಿಂತ ಎರಡು ಸೈಲೆನ್ಸರ್ ಕೊಳವೆಗಳನ್ನು ನೋಡಿದರೆ ಇದು ಸಾಮಾನ್ಯ ಝಡ್ ಅಲ್ಲವೆಂದು ತಕ್ಷಣ ತಿಳಿಯುತ್ತದೆ. ಆದರೆ ಬೆಲೆ 18.5 ಲಕ್ಷ ಯೆನ್, ಜಿಟಿ-ಆರ್‌ಗಿಂತ ಮೂರೂವರೆ ಲಕ್ಷ ಹೆಚ್ಚು. ಹೀಗಾಗಿ ತಯಾರಾದದ್ದು ಸುಮಾರು 420 ಮಾತ್ರ. ಝಡ್‌ಗೆ ಲೋಕಖ್ಯಾತಿ ತಂದದ್ದು ಅಮೆರಿಕಕ್ಕೆ ಹೋದ, ಒಂದೇ ಕ್ಯಾಮ್‌ಶಾಫ್ಟ್‌ನ ಸರಳವಾದ 2.4 ಲೀಟರ್ ಎಂಜಿನ್ನಿನ 240ಝಡ್. ಆ ದೇಹಕ್ಕೆ ನಿಜವಾಗಿ ಒಪ್ಪಿದ್ದು ಅದೇ ಎಂಬುದು ನನ್ನ ಅಭಿಪ್ರಾಯ.

ಜಿಟಿ-ಆರ್‌ನ ವಿಷಯವೇ ಬೇರೆ. ಹಿಂದಿನ ಚಕ್ರದ ಮೇಲ್ಭಾಗವನ್ನು ದಯವಿಟ್ಟು ಗಮನಿಸಿ. ಸಾಮಾನ್ಯ ಸ್ಕೈಲೈನ್‌ನಲ್ಲಿ ಅಲ್ಲಿ ಅಲೆಯಂತೆ ಇಳಿಯುವ ಸುಂದರವಾದ ಗೆರೆಯೊಂದಿದೆ. ರೇಸ್‌ನ ಅಗಲವಾದ ಟೈರ್ ಹಿಡಿಸಲೆಂದು ಇಲ್ಲಿ ಆ ಗೆರೆಯನ್ನು ಕತ್ತರಿಸಿಯೇ ಬಿಟ್ಟಿದ್ದಾರೆ. ಅಂದಕ್ಕಿಂತ ಓಟ ಮುಖ್ಯ ಎಂದುಕೊಂಡವರ ಕೆಲಸವಿದು, ನನಗೆ ಈ ಕಾರಿನ ಮೇಲೆ ಪ್ರೀತಿ ಹುಟ್ಟಿದ್ದೂ ಆ ಕತ್ತರಿಯಿಂದಲೇ. 1969ರ ಮೇ ತಿಂಗಳ ಮೊದಲ ಸ್ಪರ್ಧೆಯಲ್ಲಿ ಅಂತಿಮ ಗೆರೆ ಮೊದಲು ದಾಟಿದ್ದು ಟೊಯೊಟಾ 1600ಜಿಟಿ. ದಾರಿಗೆ ಅಡ್ಡ ಬಂದದ್ದಕ್ಕಾಗಿ ಅದಕ್ಕೆ ದಂಡ ಬಿದ್ದು ಗೆಲುವು ಜಿಟಿ-ಆರ್‌ಗೆ ದಕ್ಕಿತು. ಆ ಬಳಿಕ ಅದೃಷ್ಟದ ನೆರವು ಬೇಕಾಗಲಿಲ್ಲ. 1970ರಲ್ಲಿ ವೀಲ್‌ಬೇಸ್ (ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರ) 70 ಮಿಲಿಮೀಟರ್ ತಗ್ಗಿಸಿದ ಎರಡು ಬಾಗಿಲಿನ ಹಾರ್ಡ್‌ಟಾಪ್ ಬಂತು, 1972ರ ಹೊತ್ತಿಗೆ ಗೆಲುವುಗಳ ಸಂಖ್ಯೆ 50 ಮುಟ್ಟಿತು.

ಹಗುರವಾದ, ದುಬಾರಿಯಾದ, ನೋಡಲು ಚೆಲುವಾದ ಝಡ್432 ಇದ್ದರೂ ಎಸ್20ರ ನಿಜವಾದ ಮನೆ ಸ್ಕೈಲೈನ್ ಎಂದೇ ನಾನು ಹೇಳುತ್ತೇನೆ. ನಿಸ್ಸಾನ್ ಕೂಡ 1973ರಲ್ಲಿ ಆ ಎಂಜಿನ್ನನ್ನು ಕೊನೆಯ ಬಾರಿಗೆ ಕೂರಿಸಿದ್ದು ಮುಂದಿನ ತಲೆಮಾರಿನ ಸ್ಕೈಲೈನ್ ಜಿಟಿ-ಆರ್‌ನಲ್ಲಿಯೇ.