ಯಾರ ಜೊತೆ ಯಾರು?

ಕೇಳುಗರಿಗೆ ನಮಸ್ಕಾರ.

ದೊಡ್ಡದೊಂದು ಜಾಲ ಇದೆ ಅಂದುಕೊಳ್ಳಿ. ಜನರದ್ದಿರಬಹುದು, ಜೀವಕೋಶದೊಳಗಿನ ಪ್ರೋಟೀನುಗಳದ್ದಿರಬಹುದು. ಅದರಲ್ಲಿ ಗುಂಪುಗಳನ್ನು ಹುಡುಕಬೇಕು. ವಯಸ್ಸು, ಕೆಲಸ ನೋಡಿ ವಿಂಗಡಿಸೋಣ ಅನ್ನುತ್ತೀರಿ. ದಯವಿಟ್ಟು ಅದನ್ನು ಬಿಡಿ. ಯಾರು ಏನು ಅಂತ ನೋಡಬೇಡಿ, ಯಾರ ಜೊತೆ ಯಾರು ಅಂತ ನೋಡಿ. ಒಳಗೊಳಗೆ ನಂಟು ಜಾಸ್ತಿ, ಹೊರಗಿನವರ ಜೊತೆ ಕಮ್ಮಿ. ಅದೇ ಗುಂಪು.

ಒಂದು ಕರಾಟೆ ಕ್ಲಬ್ಬಿನ ಕಥೆ ಹೇಳುತ್ತೇನೆ. ನನಗೆ ಬಲು ಇಷ್ಟ ಇದು. ಅಮೆರಿಕದ ಒಂದು ವಿಶ್ವವಿದ್ಯಾಲಯದ ಕ್ಲಬ್ಬು. ವೇಯ್ನ್ ಝಕಾರಿ ಎಂಬ ಸಂಶೋಧಕರು 1970ರಿಂದ 1972ರವರೆಗೆ ಅದನ್ನು ಹತ್ತಿರದಿಂದ ಗಮನಿಸಿದರು. ಅಲ್ಲಿ ಫೀಸಿನ ಜಗಳ. ಹೆಚ್ಚಿಸಬೇಕು ಅಂತ ಕರಾಟೆ ಮೇಷ್ಟ್ರು, ಕೂಡದು ಅಂತ ಅಧ್ಯಕ್ಷರು. ಕೊನೆಗೆ ಮೇಷ್ಟ್ರನ್ನು ತೆಗೆದೇ ಹಾಕಿದರು. ಅವರ ಕಡೆಯವರು ಹೊರಬಂದು ಬೇರೆ ಕ್ಲಬ್ಬು ಕಟ್ಟಿದರು.

ಕ್ಲಬ್ಬಿನ ಹೊರಗೂ ಯಾರ ಜೊತೆ ಯಾರು ಸೇರುತ್ತಾರೆ ಅಂತ 34 ಜನರ ನಂಟನ್ನು ಝಕಾರಿ ಬರೆದಿಟ್ಟಿದ್ದರು. ಮೇಷ್ಟ್ರು ಮತ್ತು ಅಧ್ಯಕ್ಷರ ನಡುವೆ ಜಾಲ ಎಲ್ಲಿ ತೀರಾ ತೆಳುವಾಗಿದೆಯೋ ಅಲ್ಲಿ ಗೆರೆ ಎಳೆದರು. ನಿಜವಾಗಿ ಯಾರು ಎತ್ತ ಹೋದರು ಅಂತ ತಾಳೆ ನೋಡಿದರೆ, ಒಬ್ಬನನ್ನು ಬಿಟ್ಟು ಎಲ್ಲರೂ ಸರಿ! ಆ ಒಬ್ಬನ ನಂಟೆಲ್ಲ ಅಧ್ಯಕ್ಷರ ಕಡೆಗೆ ಜಾಸ್ತಿ. ಹೋಗಿದ್ದು ಮಾತ್ರ ಮೇಷ್ಟ್ರ ಹಿಂದೆ. ಯಾಕೆ? ಬ್ಲ್ಯಾಕ್ ಬೆಲ್ಟ್ ಪರೀಕ್ಷೆಗೆ ಮೂರೇ ವಾರ ಬಾಕಿ ಇತ್ತು. ಮೇಷ್ಟ್ರ ಹತ್ತಿರ ನಾಲ್ಕು ವರ್ಷ ಕಲಿತದ್ದನ್ನು ಬಿಟ್ಟು ಅಧ್ಯಕ್ಷರ ಕಡೆ ಮೊದಲಿಂದ ಶುರು ಮಾಡೋಕೆ ಯಾರಿಗೆ ಮನಸ್ಸು ಬರುತ್ತೆ, ಅಲ್ವಾ? 1977ರಲ್ಲಿ ಪ್ರಕಟವಾದ ಈ ಪುಟ್ಟ ಜಾಲದ ಮೇಲೆ ಇವತ್ತಿಗೂ ಹೊಸ ವಿಧಾನಗಳನ್ನು ಪರೀಕ್ಷಿಸುತ್ತಾರೆ.

ಸಮಯ ಓಡುತ್ತಿದೆ, ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. 2002ರಲ್ಲಿ ಗಿರ್ವಾನ್ ಮತ್ತು ನ್ಯೂಮನ್ ಎಂಬ ಸಂಶೋಧಕರು ಗುಂಪು ಹುಡುಕೋಕೆ ಒಂದು ಉಪಾಯ ಕೊಟ್ಟರು. ಹೊಳೆಗೆ ಒಂದೇ ಸೇತುವೆ ಇದ್ದರೆ ಓಡಾಟವೆಲ್ಲ ಅದರ ಮೇಲೇ ಬೀಳುತ್ತದಲ್ಲ, ಎರಡು ಗುಂಪುಗಳ ನಡುವಿನ ಕೊಂಡಿಯೂ ಹಾಗೇ. ಅಂಥ ಕೊಂಡಿಯನ್ನು ಕಿತ್ತುಹಾಕಿ. ಈಗ ಯಾವ ಕೊಂಡಿಯ ಮೇಲೆ ಓಡಾಟ ಜಾಸ್ತಿ ಅಂತ ಮತ್ತೆ ಲೆಕ್ಕ ಹಾಕಿ, ಮತ್ತೆ ಕೀಳಿ. ಗುಂಪುಗಳು ತಾವಾಗಿಯೇ ಬೇರೆಯಾಗುತ್ತವೆ. ಆದರೆ ಇದು ನಿಧಾನ. 2008ರಲ್ಲಿ ಬಂದ ಲೂವೆನ್ ವಿಧಾನ ಬಹಳ ಚುರುಕು. ಎಲ್ಲರನ್ನೂ ಬಿಡಿಬಿಡಿಯಾಗಿಟ್ಟು, ನಂಟಿರುವ ಗುಂಪಿಗೆ ಸೇರಿಸುತ್ತಾ ಹೋಗುತ್ತದೆ. ಸೇರಿಸಿದ್ದು ಸರಿಯೋ ತಪ್ಪೋ? ಕೊಂಡಿಗಳನ್ನು ಸುಮ್ನೆ ಚೀಟಿ ಎತ್ತಿ ಹಂಚಿದ್ದರೆ ಗುಂಪಿನೊಳಗೆ ಎಷ್ಟು ಬೀಳುತ್ತಿದ್ದವೋ, ಅದಕ್ಕಿಂತ ಜಾಸ್ತಿ ಇರಬೇಕು.

ಎಷ್ಟು ಗುಂಪು ಅಂತ ಮೊದಲೇ ಹೇಳಬೇಕಾ ಅಂತ ಎಲ್ಲರೂ ಕೇಳುತ್ತಾರೆ. ಈ ವಿಧಾನಕ್ಕೆ ಬೇಡವೇ ಬೇಡ. ಯಾರ ಜೊತೆ ಯಾರು ಅನ್ನೋ ಪಟ್ಟಿ ಕೊಡಿ, ಸಾಕು. ನಮಸ್ಕಾರ.