ಚಿಂಚಿಲಾ ಇರುವ ಕೋಣೆಗೆ ಎಂಥ ಬೆಳಕು ಬೇಕು?

ಎಲ್ಲರಿಗೂ ನಮಸ್ಕಾರ.

ಚಿಂಚಿಲಾ ಎಂಬ ದಟ್ಟ ತುಪ್ಪಳದ ಪುಟ್ಟ ದಂಶಕವನ್ನು (ಇಲಿ, ಅಳಿಲುಗಳ ಬಳಗದ ಪ್ರಾಣಿ) ಸಾಕುವವರು ಸಾಮಾನ್ಯವಾಗಿ ಮೊದಲು ಕೇಳುವುದು 'ಯಾವ ಬಲ್ಬ್ ತರಲಿ?' ಎಂದು. ನನ್ನ ಪ್ರಕಾರ ಅದಕ್ಕೂ ಮೊದಲು ಯೋಚಿಸಬೇಕಾದದ್ದು ಕತ್ತಲೆಯ ಬಗ್ಗೆ. ಈ ಪ್ರಾಣಿಯ ಮೂಲ ನೆಲೆ ಚಿಲಿ ದೇಶದ ಒಣ ಬೆಟ್ಟಗಳು. ಹಗಲಿಡೀ ಕಲ್ಲುಸಂದಿಯಲ್ಲಿದ್ದು, ಮುಸ್ಸಂಜೆ ಕವಿದ ಮೇಲೆ ಮೇಯಲು ಹೊರಡುತ್ತದೆ. 1923ರಲ್ಲಿ ಅಮೆರಿಕದ ಗಣಿ ಎಂಜಿನಿಯರ್ ಮಥಾಯಸ್ ಚಾಪ್‌ಮನ್ ಅಲ್ಲಿಂದ ಕ್ಯಾಲಿಫೋರ್ನಿಯಾಕ್ಕೆ ತಂದ 11 ಪ್ರಾಣಿಗಳ ಸಂತತಿಯೇ ಇಂದು ಮನೆಗಳಲ್ಲಿ ಬೆಳೆಯುತ್ತಿರುವುದರಲ್ಲಿ ಬಹುಪಾಲು. ಮನೆ ಸೇರಿ ನೂರು ವರ್ಷವಾದರೂ ಸಂಜೆಗೆ ಏಳುವ ಅಭ್ಯಾಸ ಮಾತ್ರ ಹೋಗಿಲ್ಲ.

ಹಾಗಾಗಿ ದಿನಕ್ಕೆ ಸುಮಾರು 12 ಗಂಟೆ ಬೆಳಕು, 12 ಗಂಟೆ ಕತ್ತಲೆ ಇಟ್ಟುಕೊಳ್ಳಿ. ಬೆಳಗ್ಗೆ 7ರಿಂದ ಸಂಜೆ 7 ಅಂದರೆ ಹೆಚ್ಚಿನ ಮನೆಗಳಿಗೆ ಹೊಂದುತ್ತದೆ. ಇವತ್ತು ಒಂಬತ್ತಕ್ಕೆ, ನಾಳೆ ಹನ್ನೆರಡಕ್ಕೆ ದೀಪ ಆರಿಸುವುದಾದರೆ ಅದು ಎಷ್ಟೊತ್ತಿಗೆ ಏಳಬೇಕು ಅಂತ ತಿಳಿಯದೆ ಒದ್ದಾಡುತ್ತದೆ. ಟೈಮರ್ ಹಾಕಿ ಮರೆತುಬಿಡಿ. ಮುಳ್ಳು ತಿರುಗುವ ಹಳೆಯ ನಮೂನೆಯ ಟೈಮರ್ ಕರೆಂಟ್ ಹೋದಷ್ಟು ಹೊತ್ತೂ ನಿಂತುಬಿಡುತ್ತದೆ. ಒಳಗೆ ಬ್ಯಾಟರಿ ಇರುವ ಡಿಜಿಟಲ್ ಟೈಮರೇ ಒಳ್ಳೆಯದು.

ಹಗಲಿನ ಬೆಳಕಿಗೆ ಕಿಟಕಿಯೇ ಸಾಕು, ಆದರೆ ಬಿಸಿಲು ನೇರವಾಗಿ ಪಂಜರದ ಮೇಲೆ ಬೀಳಬಾರದು. ಚಿಂಚಿಲಾದ ಒಂದೊಂದು ರೋಮಕೂಪದಿಂದ ಹತ್ತಾರು ಎಳೆ ಕೂದಲು ಹೊರಡುತ್ತವೆ. ಅಷ್ಟು ದಟ್ಟ ತುಪ್ಪಳದ ಒಳಗಿನ ಶಾಖ ಬೇಗ ಹೊರಹೋಗುವುದಿಲ್ಲ. ಅದಕ್ಕೆ ಹಿತವೆನಿಸುವುದು 15ರಿಂದ 21 ಡಿಗ್ರಿ. 25 ದಾಟಿದರೆ ಎಚ್ಚರ ಬೇಕು, 28ರ ಹೊತ್ತಿಗೆ ಪ್ರಾಣಕ್ಕೇ ಅಪಾಯ. ಏಪ್ರಿಲ್ ಮಧ್ಯಾಹ್ನದ ಬೆಂಗಳೂರಿನಲ್ಲಿ ಎಸಿ ಇಲ್ಲದೆ ಇದನ್ನು ಇಟ್ಟುಕೊಳ್ಳುವಂತಿಲ್ಲ, ಅದು ಬೇರೆ ವಿಷಯ. ನಾವು ಹಾಕುವ ದೀಪವಾದರೂ ಕಾವು ಏರಿಸದಿರಲಿ. ಹಳೆಯ ತಂತಿಬಲ್ಬ್ ತಿನ್ನುವ ವಿದ್ಯುತ್ತಿನಲ್ಲಿ ನೂರಕ್ಕೆ ತೊಂಬತ್ತು ಪಾಲಿಗೂ ಹೆಚ್ಚು ಶಾಖವಾಗಿಯೇ ಹೋಗುತ್ತದೆ. ನಮ್ಮ ಮನೆಗಳ ಹಳೆಯ 'ಜೀರೋ ಬಲ್ಬ್' ಕೂಡ ಹೆಸರಿಗಷ್ಟೇ ಸೊನ್ನೆ, ನಿಜಕ್ಕೆ 12–15 ವ್ಯಾಟ್ ಉರಿಸುತ್ತದೆ. ಹ್ಯಾಲೊಜನ್ ಬೇಡ. ಹಾವು, ಆಮೆಗಳಿಗೆಂದು ಮಾರುವ ಕಾವಿನ ದೀಪವಂತೂ ಬೇಡವೇ ಬೇಡ.

10x12 ಅಡಿ ಕೋಣೆಗೆ 9 ವ್ಯಾಟಿನ ಒಂದು ಎಲ್‌ಇಡಿ, 2700ರಿಂದ 3000 ಕೆಲ್ವಿನ್ನಿನ ಹಳದಿ ಛಾಯೆಯದು, ಸಾಕು. ಅದನ್ನು ಪಂಜರದತ್ತ ತಿರುಗಿಸದೆ ಎದುರು ಗೋಡೆಗೋ ಚಾವಣಿಗೋ ಬೀಳುವಂತಿಡಿ. ಅಲ್ಲಿಂದ ಮರಳಿದ ಬೆಳಕು ಹದವಾಗಿರುತ್ತದೆ. ಮೊಬೈಲಿನ ಲಕ್ಸ್ (ಒಂದು ಜಾಗದ ಮೇಲೆ ಬೀಳುವ ಬೆಳಕಿನ ಅಳತೆ) ಮಾಪಕದ ಆ್ಯಪ್ ಪೂರ್ತಿ ನಿಖರವಲ್ಲ, ಆದರೂ ಅಂದಾಜಿಗೆ ಆದೀತು. ಮೊಬೈಲನ್ನು ಪಂಜರದ ಅತಿ ಮೇಲಿನ ಹಲಗೆಯ ಮೇಲೆ ಪರದೆ ಮೇಲ್ಮುಖವಾಗಿಟ್ಟು ಅಳೆಯಿರಿ, ಚಿಂಚಿಲಾ ಕೂರಲು ಇಷ್ಟಪಡುವುದು ಅಲ್ಲೇ. ಹಗಲು 100 ಲಕ್ಸ್ ಆಸುಪಾಸು ಇರಲಿ. ಅದೇ ಹಲಗೆಯಲ್ಲಿ ಥರ್ಮಾಮೀಟರ್ ಇಟ್ಟು, ದೀಪ ಹಚ್ಚಿ ಮೂರು ಗಂಟೆಯ ಬಳಿಕ ನೋಡಿ. ಕೆಳಗಿನ ಹಲಗೆಗಿಂತ ಎರಡು ಡಿಗ್ರಿ ಹೆಚ್ಚಿದ್ದರೆ ದೀಪ ದೂರ ಸರಿಸಿ. ಪ್ರಾಣಿಯ ಕಿವಿ ಕೆಂಪೇರಿದ್ದರೆ ಅದಕ್ಕೆ ಸೆಕೆ ತಟ್ಟಿದೆ ಎಂದರ್ಥ. ಮರದ ಅಡಗುಗೂಡು ಒಂದಿರಲೇಬೇಕು. ಎಷ್ಟು ಬೆಳಕು ಬೇಕೆಂದು ಅದೇ ಆರಿಸಿಕೊಳ್ಳಲಿ.

ಪಂಜರದೊಳಗೆ ಎಲ್‌ಇಡಿ ಪಟ್ಟಿ ಅಂಟಿಸುವವರಿದ್ದಾರೆ. ನೋಡಲು ಚಂದ, ಪರಿಣಾಮ ಕೆಟ್ಟದ್ದು. ಇದರ ಹಲ್ಲು ಬದುಕಿರುವವರೆಗೂ ಬೆಳೆಯುತ್ತಿರುತ್ತದೆ, ಸಿಕ್ಕಿದ್ದನ್ನೆಲ್ಲ ಕಡಿಯುತ್ತದೆ. 12 ವೋಲ್ಟಿನ ಪಟ್ಟಿಯಿಂದ ಶಾಕ್ ಹೊಡೆದು ಸಾಯದಿರಬಹುದು, ಆದರೆ ನುಂಗಿದ ಪ್ಲಾಸ್ಟಿಕ್ ಕರುಳಿನಲ್ಲಿ ಸಿಕ್ಕಿಕೊಂಡೀತು. ವಾಂತಿ ಮಾಡಿಕೊಳ್ಳುವ ಶಕ್ತಿ ಚಿಂಚಿಲಾಕ್ಕಿಲ್ಲ. ವೈರು ಸರಳುಗಳಿಂದ ಒಂದು ಅಡಿಯಾದರೂ ದೂರವಿರಲಿ. ಜೋತುಬಿದ್ದ ವೈರನ್ನು ಅದು ಮುಂಗಾಲಿನಿಂದ ಒಳಕ್ಕೆಳೆದುಕೊಳ್ಳುತ್ತದೆ.

ಸಂಜೆ ದೀಪ ಒಮ್ಮೆಲೇ ಆರಬಾರದು, ಬೆಳಗ್ಗೆ ಒಮ್ಮೆಲೇ ಹೊತ್ತಬಾರದು. ದಿಢೀರ್ ಬೆಳಕಿಗೆ ಬೆಚ್ಚಿ ಜಿಗಿದರೆ ಕಾಲು ಸರಳಿಗೆ ಸಿಕ್ಕಿ ಮುರಿಯಬಹುದು. ಎರಡನೆಯ ಟೈಮರಿಗೆ 1 ವ್ಯಾಟಿನ ಎಲ್‌ಇಡಿ ಸಿಕ್ಕಿಸಿ, ದೊಡ್ಡ ದೀಪಕ್ಕಿಂತ ಅರ್ಧ ಗಂಟೆ ಮೊದಲು ಹೊತ್ತುವಂತೆ, ಅರ್ಧ ಗಂಟೆ ತಡವಾಗಿ ಆರುವಂತೆ ಹೊಂದಿಸಿದರಾಯಿತು. ಬೆಳಕನ್ನು ಮೆಲ್ಲಗೆ ಏರಿಳಿಸುವ ಡಿಮ್ಮರ್ ಬೇಕೆಂದರೆ ಡಬ್ಬದ ಮೇಲೆ ಡಿಮ್ಮಬಲ್ ಎಂದು ನಮೂದಾಗಿರುವ ಬಲ್ಬನ್ನೇ ಕೊಳ್ಳಿ, ಇಲ್ಲದಿದ್ದರೆ ಮಿಣುಕುತ್ತದೆ. ಮೇವು ಹಾಕುವುದು, ಧೂಳಿನ ಸ್ನಾನ (ತುಪ್ಪಳ ಶುಚಿಯಾಗಲು ನುಣುಪು ಧೂಳಿನಲ್ಲಿ ಹೊರಳುವುದು) ಮಾಡಿಸುವುದು ಈ ಮಬ್ಬು ಬೆಳಕಿನ ಹೊತ್ತಿಗೆ ಸರಿಹೊಂದುತ್ತದೆ.

ರಾತ್ರಿ ಕತ್ತಲೆ ಅಂದರೆ ಕತ್ತಲೆಯೇ. ಹುಣ್ಣಿಮೆಯ ಬೆಳದಿಂಗಳು ಸಾಮಾನ್ಯವಾಗಿ 0.3 ಲಕ್ಸ್ ಮೀರುವುದಿಲ್ಲ, ಬೀದಿದೀಪ ಕಿಟಕಿಯಿಂದ ಅದರ ಹಲವು ಪಟ್ಟು ಬೆಳಕು ಸುರಿಯಬಲ್ಲದು. ದಪ್ಪ ಪರದೆ ಎಳೆಯಿರಿ, ರೌಟರಿನ ಮಿಣುಕುದೀಪಕ್ಕೆ ಕಪ್ಪು ಟೇಪ್ ಅಂಟಿಸಿ.

ರಾತ್ರಿ ಅದರ ಆಟ ನೋಡುವ ಆಸೆಯಿದ್ದರೆ ಮಂದ ಕೆಂಪು ದೀಪ ಬಳಸಬಹುದು. ದಂಶಕಗಳ ಕಣ್ಣಿಗೆ ಕಡುಗೆಂಪು ಅಷ್ಟಾಗಿ ಕಾಣದು. ಆದರೆ ಆರೋಗ್ಯ ಪರೀಕ್ಷೆ ಮಾತ್ರ ಆ ಬೆಳಕಿನಲ್ಲಿ ಮಾಡಬೇಡಿ: ಬಿಳಿ ಬಟ್ಟೆಯ ಮೇಲಿನ ರಕ್ತದ ಕಲೆಯೂ ಕೆಂಪು ಬೆಳಕಿನಲ್ಲಿ ಮಾಯವಾಗುತ್ತದೆ. ಗಲ್ಲದ ಕೆಳಗೆ ಜೊಲ್ಲಿನ ಒದ್ದೆ, ಹಿಕ್ಕೆಯ ಗಾತ್ರ, ಕಣ್ಣೀರು ಇವನ್ನೆಲ್ಲ ದೊಡ್ಡ ದೀಪ ಆರುವ ಮೊದಲೇ ನೋಡಿ ಮುಗಿಸಿ.

ಕೊನೆಗೆ ಒಂದು ಚಿಕ್ಕ ಕೆಲಸ. ಸ್ನಾನದ ನುಣುಪು ಧೂಳು ಬಲ್ಬಿನ ಬುಡದಲ್ಲೂ ಟೈಮರಿನ ತೂತುಗಳಲ್ಲೂ ಕೂರುತ್ತದೆ. ಬುಡ ಬಿಸಿಯಾದಷ್ಟೂ ಎಲ್‌ಇಡಿಯ ಆಯಸ್ಸು ಕಡಿಮೆ. ವಾರಕ್ಕೊಮ್ಮೆ ಸ್ವಿಚ್ ಆರಿಸಿ, ಪ್ಲಗ್ ಕಿತ್ತು, ಒಣಬಟ್ಟೆಯಲ್ಲಿ ಒರೆಸಿ.